ಚಹಾ ಆಯಿತು, ಪ್ರಾರ್ಥನೆ ಆಯಿತು, ಸುದ್ದಿ ಎಲ್ಲಿ?

“ಶಾಖೆಯ ಸಭೆ ಸೇರಿತು. ಅತಿಥಿಗಳು ಮಾತಾಡಿದರು. ಚಹಾ ಆಯಿತು. ಪ್ರಾರ್ಥನೆಯೊಂದಿಗೆ ಸಭೆ ಮುಗಿಯಿತು.”

ನಮ್ಮ ಮಹಿಳಾ ಸಂಸ್ಥೆಯ ಶಾಖೆಗಳಿಂದ ಮೂರು ತಿಂಗಳಿಗೊಮ್ಮೆ ನನ್ನ ಕೈಗೆ ಬರುವ ಸುದ್ದಿಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಊರಿನ ಹೆಸರು ಮುಚ್ಚಿಟ್ಟು ಓದಿದರೆ ಯಾವ ಶಾಖೆಯದು ಎಂದು ಗೊತ್ತೇ ಆಗುವುದಿಲ್ಲ. ಹಾಗಂತ ಅವರು ಸುಮ್ನೆ ಕೂತಿದ್ದರು ಎಂದುಕೊಳ್ಳಬೇಡಿ. ಫೋನ್ ಮಾಡಿ ಒಂದೊಂದೇ ಕೇಳುತ್ತ ಹೋದರೆ ಬರೆಯಲು ಪುಟ ಸಾಲುವುದಿಲ್ಲ. ಅದನ್ನು ಅವರ ಬಾಯಿಂದ ಹೊರಡಿಸುವುದೇ ನನ್ನ ಕೆಲಸ.

ನಾನು ಉಡುಪಿಯವಳು. ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಇಲ್ಲೇ ಉಳಿದೆ. ಇಲ್ಲಿ ಮದರ್ಸ್ ಯೂನಿಯನ್ ಎಂಬ ಕ್ರೈಸ್ತ ಮಹಿಳೆಯರ ಸೇವಾಸಂಸ್ಥೆ ಉಂಟು. ಚರ್ಚ್ ಆಫ್ ಇಂಗ್ಲೆಂಡಿನ ಜೊತೆ ಬೆಳೆದದ್ದು. ಊರೂರಿನ ಚರ್ಚಿನಲ್ಲಿ ಅದರ ಶಾಖೆಗಳಿವೆ. ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ ಒಂದು ಡಯೋಸಿಸ್, ಅದರಲ್ಲಿ ಹಲವು ಶಾಖೆ. ನಮ್ಮ ಡಯೋಸಿಸಿನ ಶಾಖೆಗಳ ಸುದ್ದಿ ಸೇರಿಸಿ ಒಂದು ಸಣ್ಣ ಸುದ್ದಿಪತ್ರ ಹೊರಡಿಸುವ ಜವಾಬ್ದಾರಿ ನನ್ನದು. ಸಂಬಳವಿಲ್ಲ. ಹಿಂದೆ ಮಾಡುತ್ತಿದ್ದವರಿಗೆ ಕಣ್ಣು ಮಂಜಾಯಿತು. ಆಗ “ನಿನಗೆ ಕಂಪ್ಯೂಟರ್ ಬರುತ್ತದಲ್ಲ” ಎಂದು ನನ್ನ ತಲೆಗೆ ಕಟ್ಟಿದರು. ಸಂಘ ಸಂಸ್ಥೆಗಳಲ್ಲಿ ಜವಾಬ್ದಾರಿ ಹಂಚುವ ರೀತಿ ಉಡುಪಿಯಲ್ಲೂ ಇದೇ, ಇಲ್ಲೂ ಇದೇ.

ಊರಲ್ಲಿ ಅಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸ್ತ್ರೀ ಸಂಘದಲ್ಲಿದ್ದರು. ದಿನಾ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಸಂಘಕ್ಕೆ ಹೋಗುತ್ತಿತ್ತು. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆ ಉಂಟಲ್ಲ, ಊರವರು ಮಿಶನ್ ಆಸ್ಪತ್ರೆ ಎನ್ನುವುದು, ಅಲ್ಲಿಗೆ ಹೋಗಿ ಬಾಣಂತಿಯರನ್ನು ಮಾತಾಡಿಸಿ ಬರುತ್ತಿದ್ದರು. ಆದ್ದರಿಂದ ಇಲ್ಲಿ ಒಂದು ತಣ್ಣನೆಯ ಹಾಲ್‌ನಲ್ಲಿ ಬಿಳಿಗೂದಲಿನ ಹೆಂಗಸರು ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡು ಕೂತಿದ್ದನ್ನು ನೋಡಿದಾಗ ನನಗೆ ಹೊಸದು ಅನ್ನಿಸಲಿಲ್ಲ. ಸೀರೆ ಮಾತ್ರ ಇರಲಿಲ್ಲ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ.

ಶಾಖೆಯವರಿಗೆ ಒಂದು ಫಾರ್ಮ್ ಕಳಿಸಿ ತುಂಬಿಸಿಕೊಳ್ಳುವ ಪದ್ಧತಿ ಮುಂಚಿನಿಂದ ಇತ್ತು. ಸಭೆಯ ದಿನಾಂಕ, ಅತಿಥಿಯ ಹೆಸರು, ವಿಷಯ, ಹಾಜರಾತಿ. ಫಾರ್ಮ್ ಕೇಳಿದ್ದಕ್ಕೆ ಉತ್ತರ ಬರುತ್ತದೆ, ಕೇಳದ್ದಕ್ಕೆ ಬರುವುದಿಲ್ಲ. ಅತಿಥಿ ಜೇನು ಸಾಕಣೆಯ ಬಗ್ಗೆ ಮಾತಾಡಿದರು ಎಂಬುದು ಅಚ್ಚಾಗುತ್ತಿತ್ತು. ಅದೇ ಶಾಖೆಯ ಇಬ್ಬರು ವಾರವಾರ ಜೈಲಿಗೆ ಹೋಗಿ, ಅಪ್ಪನನ್ನು ನೋಡಲು ಬಂದ ಮಕ್ಕಳನ್ನು ಆಡಿಸುವುದು ಅಚ್ಚಾಗುತ್ತಿರಲಿಲ್ಲ. ಯಾಕೆಂದರೆ ಅದು ಸಭೆಯಲ್ಲಿ ನಡೆದದ್ದಲ್ಲ.

ನಾನು ಫಾರ್ಮ್ ಬಿಟ್ಟು ಫೋನ್ ಹಿಡಿದೆ. ಇಮೇಲ್‌ನಲ್ಲಿ ಎಲ್ಲರೂ ವರದಿಗಾರರಾಗಿಬಿಡುತ್ತಾರೆ. ಫೋನಿನಲ್ಲಿ ಹರಟುತ್ತಾರೆ. ನನಗೆ ಬೇಕಾದ್ದು ಹರಟೆ. ಕೇಳುವುದು ಕೆಲವೇ ಪ್ರಶ್ನೆ. ನೀವು ಮಾಡಿದ ವಸ್ತು ಕೊನೆಗೆ ಯಾರ ಕೈಗೆ ಹೋಯಿತು? ಹೊತ್ತುಕೊಂಡು ಹೋದವರು ಯಾರು? ದುಡ್ಡು ಎಲ್ಲಿಂದ ಬಂತು? ಬೇರೆ ಶಾಖೆಯಿಂದ ನಿಮಗೆ ಏನಾದರೂ ಬೇಕಾ? ಎಲ್ಲಕ್ಕಿಂತ ಜಾಸ್ತಿ ಸುದ್ದಿ ಕೊಡುವುದು ಕೊನೆಯ ಪ್ರಶ್ನೆ. ಬೇಕು ಎನ್ನುವಾಗ ಯಾಕೆ ಬೇಕು ಎಂದೂ ಹೇಳಲೇಬೇಕಾಗುತ್ತದಲ್ವಾ?

ಒಂದು ಹಳ್ಳಿಯ ಶಾಖೆಯಿಂದ ಪ್ರತಿಸಲ “ಹೆಣಿಗೆ ಮುಂದುವರಿದಿದೆ” ಎಂಬ ಒಂದೇ ಸಾಲು ಬರುತ್ತಿತ್ತು. ಫೋನ್ ಮಾಡಿದೆ. ಎತ್ತಿದವರು ಎಂಬತ್ತು ದಾಟಿದ ಶಾಖಾ ನಾಯಕಿ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯಬೇಕು. ಅಷ್ಟು ವಯಸ್ಸಾದವರನ್ನು ಹಾಗೆ ಕರೆಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಹೆಸರೇ ಬೇಡದ ಹಾಗೆ ಮಾತು ತಿರುಗಿಸಿಕೊಳ್ಳುತ್ತೇನೆ.

“ಏನು ಹೆಣೆಯುತ್ತೀರಿ?” ಎಂದೆ.

“ಚೌಕ.”

“ಹೊದಿಕೆಗೆ ಜೋಡಿಸಲಿಕ್ಕಾ?”

“ಅಲ್ಲ, ಜೋಡಿ ಚೌಕ. ಒಂದು ಅಮ್ಮನಿಗೆ, ಒಂದು ಮಗುವಿಗೆ.”

ಅಷ್ಟು ಹೇಳಿದ್ದೇ ನನ್ನೊಳಗಿನ ನರ್ಸ್ ಎದ್ದು ಕೂತಳು. ತಿಂಗಳು ತುಂಬದೆ ಹುಟ್ಟಿದ ಮಗು ಇನ್‌ಕ್ಯುಬೇಟರ್‌ನಲ್ಲಿ ಇರುತ್ತದೆ. ಅಮ್ಮ ಬೇರೆ ವಾರ್ಡಿನಲ್ಲಿ, ಇಲ್ಲವೇ ಮನೆಯಲ್ಲಿ. ಬೇಕೆಂದಾಗ ಎತ್ತಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡು ಮೆತ್ತನೆಯ ಚೌಕ ಕೊಡುತ್ತಾರೆ. ಒಂದನ್ನು ಅಮ್ಮ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ಇನ್ನೊಂದು ಮಗುವಿನ ಪಕ್ಕದಲ್ಲಿ. ಆಮೇಲೆ ಅದಲುಬದಲು. ಅಮ್ಮನ ವಾಸನೆ ಮಗುವಿಗೆ ಸಿಗುತ್ತದೆ, ಮಗುವಿನ ವಾಸನೆ ಅಮ್ಮನಿಗೆ. ಹಾಲು ಹಿಂಡುವ ಹೊತ್ತಿಗೆ ಆ ಚೌಕವನ್ನು ಮೂಗಿನ ಹತ್ತಿರ ಇಟ್ಟುಕೊಳ್ಳುವ ತಾಯಂದಿರನ್ನು ನಾನೇ ನೋಡಿದ್ದೇನೆ.

ಹೆಣೆಯುವುದಕ್ಕೂ ನಿಯಮ ಉಂಟು. ದಾರ ಮೆತ್ತಗಿರಬೇಕು, ಬಿಸಿನೀರಿನ ಒಗೆತ ತಾಳಬೇಕು. ಎಳೆ ಎದ್ದು ಬರುವ ಉಣ್ಣೆ ಆಗುವುದಿಲ್ಲ. ಹೆಣಿಗೆಯ ಕಣ್ಣು ಒತ್ತಾಗಿರಬೇಕು. ಸಡಿಲವಾದರೆ ಆ ಪುಟ್ಟ ಬೆರಳು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ರಿಬ್ಬನ್ ಬೇಡ, ಗುಂಡಿ ಬೇಡ. ಒಗೆದು, ಜೋಡಿ ಜೋಡಿಯಾಗಿ ಚೀಲಕ್ಕೆ ಹಾಕಿ ಕೊಡಬೇಕು. ಆ ಅಜ್ಜಿ ಇದನ್ನೆಲ್ಲ ಮದ್ದಿನ ಚೀಟಿ ಓದಿದ ಹಾಗೆ ಹೇಳಿದರು. “ಇದನ್ನೆಲ್ಲ ಯಾಕೆ ಬರೆದು ಕಳಿಸಲಿಲ್ಲ?” ಎಂದರೆ, “ಹೆಣಿಗೆ ಎಂದರೆ ಎಲ್ಲರಿಗೂ ಗೊತ್ತಿರುತ್ತದಲ್ಲ” ಎಂದರು.

ಹೇಗೆ ಹೆಣೆಯಬೇಕು ಎಂಬ ವಿವರದ ಸಮೇತ ಅರ್ಧ ಪುಟ ಹಾಕಿದೆ. ಕೊನೆಗೆ “ತೆಳುಬಣ್ಣದ ದಾರ ಇದ್ದರೆ ಕೊಡಿ” ಎಂಬ ಒಂದು ಸಾಲು. ಮುಂದಿನ ಸಂಚಿಕೆಯ ಹೊತ್ತಿಗೆ ಆ ಹಳ್ಳಿಗೆ ದಾರದ ಪೊಟ್ಟಣಗಳು ಬಂದಿದ್ದವು. ಹೆಣಿಗೆ ಗೊತ್ತಿದ್ದೂ ಏನು ಹೆಣೆಯುವುದು ಎಂದು ತೋಚದೆ ಕೂತಿದ್ದ ಇನ್ನೊಂದು ಶಾಖೆ ಕೆಲಸ ಹಂಚಿಕೊಂಡಿತ್ತು. ಸುದ್ದಿ ಎಂದರೆ ಹೊಗಳಿಕೆ ಅಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆವಾಗ. ಒಂದು ಕಡೆಯ ಸುದ್ದಿ ಓದಿ ಇನ್ನೊಂದು ಕಡೆಯವರು ಏನಾದರೂ ಮಾಡಬೇಕು. ಇಲ್ಲದಿದ್ದರೆ ಕಾಗದ ದಂಡ.

ಹೆಣಿಗೆಯಲ್ಲಿ ಇನ್ನೂ ಬಗೆಗಳಿವೆ. ಮರೆವಿನ ಕಾಯಿಲೆ ಇರುವವರ ಕೈಗೆ ಸದಾ ಏನಾದರೂ ಬೇಕಾಗುತ್ತದೆ, ಸುಮ್ಮನಿದ್ದರೆ ಚಡಪಡಿಸುತ್ತಾರೆ. ಅವರಿಗೆಂದು ಕೈ ತೂರಿಸುವ ಉಣ್ಣೆಯ ತೋಳು ಹೆಣೆದು ಅದರ ಒಳಗೂ ಹೊರಗೂ ಗುಂಡಿ, ಮಣಿ, ಝಿಪ್ ಹೊಲಿಯುತ್ತಾರೆ. ಮಗುವಿಗೆ ಬೇಡವಾದ ಗುಂಡಿ ಇಲ್ಲಿ ಬೇಕು, ನೋಡಿ. ರಾತ್ರಿ ಹೊತ್ತಲ್ಲಿ ತುರ್ತಾಗಿ ಆಸ್ಪತ್ರೆ ಸೇರಿದವರಿಗೆ ಸೋಪು, ಬ್ರಷ್, ಬಾಚಣಿಗೆ ಇರುವ ಸಣ್ಣ ಚೀಲ ಕೊಡುವ ಶಾಖೆಗಳೂ ಇವೆ. ಉಟ್ಟ ಬಟ್ಟೆಯಲ್ಲಿ ಓಡಿಬಂದವರಿಗೆ ಬೆಳಿಗ್ಗೆ ಒಂದು ಹಲ್ಲುಜ್ಜುವ ಬ್ರಷ್ ಎಷ್ಟು ದೊಡ್ಡದು ಎಂಬುದು ವಾರ್ಡಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

ಈ ಕೆಲಸದಲ್ಲಿ ಬರೆಯುವುದಕ್ಕಿಂತ ಕಷ್ಟ ಬರೆಯದೆ ಬಿಡುವುದು.

ತಂದೆ ತಾಯಿ ಬೇರೆಯಾದ ಮನೆಗಳ ಮಕ್ಕಳು, ತಮ್ಮ ಜೊತೆ ಇಲ್ಲದ ಅಪ್ಪನನ್ನೋ ಅಮ್ಮನನ್ನೋ ಭೇಟಿಯಾಗುವ ಕೇಂದ್ರಗಳು ಇಲ್ಲಿ ಇವೆ. ಜಗಳವಿಲ್ಲದ ಒಂದು ಜಾಗ. ಆಟಿಕೆ ಜೋಡಿಸಿಡುವುದು, ಚಹಾ ಮಾಡುವುದು, ಅಪ್ಪ ಬರುವುದು ತಡವಾದರೆ ಮಗುವಿನ ಜೊತೆ ಕೂತು ಬಣ್ಣ ಹಚ್ಚುವುದು, ಇದಕ್ಕೆಲ್ಲ ನಮ್ಮ ಸದಸ್ಯರು ಹೋಗುತ್ತಾರೆ. ಅಲ್ಲಿ ಮನಸ್ಸು ಕರಗುವ ಸಂಗತಿಗಳು ದಿನಾ ನಡೆಯುತ್ತವೆ. ಫೋನಿನಲ್ಲಿ ಹೇಳುತ್ತ ಸದಸ್ಯರು ಅಳುವುದೂ ಉಂಟು. ಅದರಲ್ಲಿ ಒಂದಕ್ಷರವೂ ಅಚ್ಚಿಗೆ ಹೋಗುವುದಿಲ್ಲ. ಹೆಸರು ಬದಲಿಸಿದರೂ ಇಲ್ಲ. ಸಣ್ಣ ಊರು. “ಕೆಂಪು ಕೋಟಿನ ಮಗು” ಎಂದರೆ ಸಾಕು, ಯಾರ ಮಗು ಎಂದು ಗುರುತು ಹತ್ತಿಬಿಡುತ್ತದೆ. ನಾನು ಬರೆಯುವುದು ಇಷ್ಟೇ: ಕೇಂದ್ರ ನಡೆಯುತ್ತಿದೆ, ಶನಿವಾರಕ್ಕೆ ಜನ ಬೇಕು, ದೊಡ್ಡ ಮಕ್ಕಳು ಆಡುವ ಬೋರ್ಡ್ ಆಟಗಳು ಬೇಕು. ಜೈಲಿನ ಆಟದ ಮೂಲೆಯ ವಿಷಯವೂ ಹಾಗೇ.

ಫೋಟೋದ ತಕರಾರು ಬೇರೆ. 2018ರಲ್ಲಿ ಇಲ್ಲಿ ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು ಬಿಗಿಯಾಯಿತು. ಆಮೇಲೆ ಗುಂಪು ಫೋಟೋದಲ್ಲಿರುವ ಒಬ್ಬೊಬ್ಬರ ಒಪ್ಪಿಗೆಯನ್ನೂ ಕೇಳುತ್ತೇವೆ. ಮಕ್ಕಳ ಮುಖ ಹಾಕುವುದಿಲ್ಲ. ಹಾಗಾಗಿ ನಮ್ಮ ಸುದ್ದಿಪತ್ರದಲ್ಲಿ ಕೈಗಳ ಫೋಟೋ ಜಾಸ್ತಿ. ಹೆಣೆಯುವ ಕೈ, ಪೊಟ್ಟಣ ಕಟ್ಟುವ ಕೈ, ಕೇಕ್ ಕತ್ತರಿಸುವ ಕೈ. ಕೇಕಿನ ಫೋಟೋಗಳಂತೂ ಬೇಕಾದಷ್ಟು ಬರುತ್ತವೆ. ಎಲ್ಲವನ್ನೂ ಹಾಕಿದರೆ ನಾವು ಬೇಕರಿ ನಡೆಸುತ್ತೇವೆ ಎಂದುಕೊಂಡಾರು.

ಪ್ರತಿ ವರ್ಷ ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ, ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಹದಿನಾರು ದಿನಗಳ ಅಭಿಯಾನ ಜಗತ್ತಿನಾದ್ಯಂತ ನಡೆಯುತ್ತದೆ. ಮದರ್ಸ್ ಯೂನಿಯನ್ ಶಾಖೆಗಳು ಅದರಲ್ಲಿ ಸೇರುತ್ತವೆ. ಕೆಲವರು ಪೇಟೆಯ ನಡುವೆ ಮೌನವಾಗಿ ನಿಲ್ಲುತ್ತಾರೆ. ಕೆಲವರು ಹೊಡೆತ ತಾಳದೆ ಮನೆಬಿಟ್ಟು ಬಂದ ಹೆಂಗಸರ ಆಶ್ರಯ ಮನೆಗೆ ಪೈಜಾಮ, ಒಳಉಡುಪು, ಟವೆಲ್, ಮಕ್ಕಳ ಶಾಲೆ ಚೀಲ ಕೊಡುತ್ತಾರೆ. ಎಲ್ಲ ಹೊಸದು, ಬೆಲೆ ಚೀಟಿ ತೆಗೆದದ್ದು. ಆ ಮನೆ ಎಲ್ಲಿದೆ ಎಂಬುದು ಗುಟ್ಟು. ಗುಟ್ಟಾಗಿದ್ದರೇ ಅದು ಆಶ್ರಯ. ಒಂದು ಶಾಖೆಯ ಖಜಾಂಚಿ ನನ್ನ ಮೇಲೆ ಮುನಿಸಿಕೊಂಡರು. “ಇಷ್ಟೆಲ್ಲ ಕೊಟ್ಟಿದ್ದೇವೆ, ನೀನು ‘ಒಂದು ಆಶ್ರಯ ಮನೆಗೆ’ ಎಂದಷ್ಟೇ ಹಾಕಿದ್ದೀಯಲ್ಲ. ನಮ್ಮ ಊರಿನ ಹೆಸರೂ ಇಲ್ಲ!” ಊರಿನ ಹೆಸರು ಹಾಕಿದರೆ ಹುಡುಕುವ ಗಂಡನಿಗೆ ಅರ್ಧ ದಾರಿ ತೋರಿಸಿದ ಹಾಗೆ ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ, “ಹೌದು, ನಮ್ಮ ಶಾಖೆಯ ಹೆಸರೂ ಬೇಡ” ಎಂದರು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದುಕೊಳ್ಳುತ್ತಲೇ ಹೇಳುತ್ತಿದ್ದೇನೆ. ಹಳೆಯ ಮದುವೆ ಗೌನುಗಳನ್ನು ಬಿಡಿಸಿ, ಹುಟ್ಟುವಾಗಲೇ ತೀರಿಕೊಂಡ ಶಿಶುಗಳಿಗೆ ಕೊನೆಯ ಉಡುಗೆ ಹೊಲಿಯುವವರು ನಮ್ಮಲ್ಲಿದ್ದಾರೆ. ಅಂಗೈಯಗಲದ ಉಡುಗೆ. ಆಸ್ಪತ್ರೆಯಲ್ಲಿ ಅಂಥದ್ದೊಂದು ಬೇಕಾದಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಆ ಕೆಲಸದ ಸುದ್ದಿ ಹಾಕುತ್ತೇನೆ, ಯಾಕೆಂದರೆ ಗೌನ್ ಕೊಡುವವರು ಬೇಕು, ಹೊಲಿಯುವವರೂ ಬೇಕು. ಫೋಟೋ ಹಾಕುವುದಿಲ್ಲ. ತಾಯಂದಿರ ಭಾನುವಾರದ ಸಂಚಿಕೆಯಲ್ಲಂತೂ ಹಾಕುವುದೇ ಇಲ್ಲ. ಇದಕ್ಕೆ ಒಪ್ಪದವರಿದ್ದಾರೆ. “ಅದೂ ತಾಯ್ತನವೇ, ಮುಚ್ಚಿಡಬಾರದು” ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಪುಟ ತಿರುಗಿಸಿದ ಕೂಡಲೇ ಅದು ಕಣ್ಣಿಗೆ ಬಿದ್ದು ಎದೆ ಒಡೆದುಕೊಳ್ಳುವವರು ಓದುಗರಲ್ಲಿ ಇರುತ್ತಾರೆ. ನನ್ನ ತೀರ್ಮಾನ ಹಾಗೇ ಇಟ್ಟುಕೊಂಡಿದ್ದೇನೆ.

ತಾಯಂದಿರ ಭಾನುವಾರ ಎಂದೆನಲ್ಲ, ಅದು ಇಲ್ಲಿ ಮೇ ತಿಂಗಳಲ್ಲಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ನಾಲ್ಕನೇ ಭಾನುವಾರ, ಹೆಚ್ಚಾಗಿ ಮಾರ್ಚಿನಲ್ಲಿ. ಚಿಕ್ಕ ಚಿಕ್ಕ ಹೂಗೊಂಚಲು ಕಟ್ಟಿ ಚರ್ಚಿಗೆ ಬಂದ ಹೆಂಗಸರಿಗೆಲ್ಲ ಕೊಡುತ್ತಾರೆ. ಮಕ್ಕಳಿದ್ದವರಿಗೂ, ಇಲ್ಲದವರಿಗೂ. ಡ್ಯಾಫಡಿಲ್ ಹೂ ಆಗಷ್ಟೇ ಅರಳಿರುತ್ತದೆ. ಹಿಂದಿನ ದಿನ ಹೂ ಕಟ್ಟಲು ಕೂತಾಗ ನನ್ನ ಕೈ ಓಡುವುದನ್ನು ನೋಡಿ ಇವರಿಗೆ ಆಶ್ಚರ್ಯ. ಮಲ್ಲಿಗೆ ಕಟ್ಟಿದ ಕೈಗೆ ಡ್ಯಾಫಡಿಲ್ ಯಾವ ಲೆಕ್ಕ! ಅದರ ಫೋಟೋ ಉಡುಪಿಗೆ ಕಳಿಸಿದರೆ ಪ್ರತಿಸಲ ಅದೇ ಪ್ರಶ್ನೆ. “ಮದರ್ಸ್ ಡೇಗೆ ಇನ್ನೂ ಎರಡು ತಿಂಗಳುಂಟಲ್ಲ, ನಿಮ್ಮಲ್ಲಿ ಎಂತ ಅವಸರ?” ಮೇ ತಿಂಗಳ ಎರಡನೇ ಭಾನುವಾರದ್ದು ಅಮೆರಿಕದ ಪದ್ಧತಿ, ಇದು ಅದಕ್ಕಿಂತ ಎಷ್ಟೋ ಹಳೆಯದು ಎಂದು ನಾನು ಪ್ರತಿಸಲವೂ ಹೇಳುತ್ತೇನೆ.

ಶಾಖೆಯ ನಾಯಕಿಯರು ಮಾತಾಡಲು ಹಿಂಜರಿದಾಗ ನಾನು ಹೇಳುವ ಕಥೆ ಒಂದುಂಟು. ಈ ಸಂಸ್ಥೆ ಶುರುವಾದದ್ದು 1876ರಲ್ಲಿ, ಹ್ಯಾಂಪ್‌ಶೈರಿನ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯಲ್ಲಿ. ಶುರು ಮಾಡಿದವರು ಅಲ್ಲಿಯ ಪಾದ್ರಿಯ ಹೆಂಡತಿ ಮೇರಿ ಸಮ್ನರ್. ಮಕ್ಕಳನ್ನು ಬೆಳೆಸುವುದು ಸಣ್ಣ ಕೆಲಸವಲ್ಲ, ಅದರಲ್ಲಿ ತಾಯಂದಿರು ಒಬ್ಬರಿಗೊಬ್ಬರು ಆಸರೆಯಾಗಬೇಕು ಎಂದು ಊರಿನ ಹೆಂಗಸರನ್ನು ಮನೆಗೆ ಕರೆದರು. ಬಡವರು, ಸಿರಿವಂತರು ಎಲ್ಲ ಬಂದರು. ಎದುರಿಗೆ ಕೂತವರನ್ನು ನೋಡಿದ್ದೇ ಮೇರಿಯವರ ಧೈರ್ಯ ಉಡುಗಿಹೋಯಿತು, ಮಾತೇ ಹೊರಡಲಿಲ್ಲ. ಮುಂದಿನ ವಾರ ಬನ್ನಿ ಎಂದು ಕಳಿಸಿಬಿಟ್ಟರು. ಮುಂದಿನ ವಾರ ಮಾತಾಡಿದರು. 1885ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಚರ್ಚಿನ ದೊಡ್ಡ ಸಮಾವೇಶ. ಅಲ್ಲಿ ಹೆಂಗಸರ ಸಭೆಯಲ್ಲಿ ಮಾತಾಡಬೇಕಿದ್ದ ಬಿಷಪರು ಆ ಜಾಗವನ್ನು ಇವರಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಒಂದು ಹಳ್ಳಿಯ ಕೂಟ ದೇಶದ ತುಂಬ ಹಬ್ಬಿತು. 1888ರ ಹೊತ್ತಿಗೆ ಸಂಘದ್ದೇ ಪತ್ರಿಕೆ ಹೊರಡುತ್ತಿತ್ತು. ನನ್ನ ನಾಲ್ಕು ಪುಟದ ಸುದ್ದಿಪತ್ರಕ್ಕೂ ಒಂದು ವಂಶಾವಳಿ ಉಂಟು ಎಂದು ನಾನು ಜಂಬ ಪಡುವುದು ಇದಕ್ಕೇ.

ಹಳೆಯದೆಲ್ಲ ಹೆಮ್ಮೆಯದಲ್ಲ. ಮದುವೆಯ ಪಾವಿತ್ರ್ಯ ಕಾಪಾಡುವ ಹೆಸರಿನಲ್ಲಿ, 1970ರ ದಶಕದವರೆಗೂ ವಿಚ್ಛೇದನ ಪಡೆದವರಿಗೆ ಇಲ್ಲಿ ಸದಸ್ಯತ್ವ ಇರಲಿಲ್ಲ. ಆಸರೆ ಬೇಕಾದವಳಿಗೇ ಬಾಗಿಲು ಮುಚ್ಚಿತ್ತು. ಈಗ ಯಾರಾದರೂ ಸೇರಬಹುದು. ಒಂಟಿಯವರು, ಮದುವೆಯಾದವರು, ಬೇರೆಯಾದವರು, ಗಂಡಸರೂ ಸೇರಬಹುದು. ನಮ್ಮ ಒಂದು ಶಾಖೆಯ ಖಜಾಂಚಿ ಗಂಡಸೇ. ಲೆಕ್ಕ ಚೊಕ್ಕ. ಸುದ್ದಿ ಮಾತ್ರ ಕೇಳಿದರೂ ಕೊಡುವುದಿಲ್ಲ.

ಈಗ ಸದಸ್ಯರು ಇಂಗ್ಲೆಂಡಿಗಿಂತ ಹೊರಗೇ ಜಾಸ್ತಿ. ಎಂಬತ್ತಕ್ಕೂ ಹೆಚ್ಚು ದೇಶಗಳಲ್ಲಿ 40 ಲಕ್ಷ ದಾಟಿದ್ದಾರೆ. ಬಹುಪಾಲು ಆಫ್ರಿಕಾದಲ್ಲಿ. ಇಲ್ಲಿಯ ಪ್ರತಿ ಡಯೋಸಿಸಿಗೂ ಹೊರದೇಶದ ಕೆಲವು ಡಯೋಸಿಸುಗಳ ಜೊತೆ ನಂಟು ಹಾಕಿರುತ್ತಾರೆ. ವರ್ಷದ ಇಂತಿಂಥ ದಿನಗಳಲ್ಲಿ ಇಂತಿಂಥ ಕಡೆಯವರಿಗಾಗಿ ಪ್ರಾರ್ಥನೆ ಎಂದು ಪಟ್ಟಿ ಇರುತ್ತದೆ. ಆ ದಿನ ಬರುವ ಮುಂಚೆ ಅಲ್ಲಿಯವರಿಂದ ಒಂದು ವಾಟ್ಸಾಪ್ ಸಂದೇಶ ತರಿಸಿಕೊಂಡು ಹಾಕುವುದು ನಾನು ಶುರು ಮಾಡಿದ ಪದ್ಧತಿ. ಊರಿನ ಹೆಸರು ಮಾತ್ರ ಓದಿ ಪ್ರಾರ್ಥಿಸುವುದಕ್ಕೂ, ಅಲ್ಲಿ ಮಳೆ ಬಂತಾ ಇಲ್ಲವಾ ಎಂದು ತಿಳಿದು ಪ್ರಾರ್ಥಿಸುವುದಕ್ಕೂ ವ್ಯತ್ಯಾಸ ಉಂಟು.

ಸಂದೇಶದ ಜೊತೆ ಅಲ್ಲಿಯ ಫೋಟೋಗಳು ಬಂದ ದಿನ ನನಗೆ ಕಚಗುಳಿ ಇಟ್ಟ ಹಾಗಾಗುತ್ತದೆ. ಸಮವಸ್ತ್ರ ಉಟ್ಟ ನೂರಾರು ಹೆಂಗಸರು, ಸಾಲು ಸಾಲು, ಕೆಲವರ ಬೆನ್ನಿಗೆ ಮಗು. ಇಲ್ಲಿ ಹನ್ನೆರಡು ಜನ ಸೇರಿದರೆ ಕುರ್ಚಿ ಸಾಲದೆ ಹೋಯಿತು ಎಂದು ಖುಷಿಪಡುತ್ತೇವೆ. 2000ನೇ ಇಸವಿಯಲ್ಲಿ ಮಲಾವಿ, ಬುರುಂಡಿ, ಸುಡಾನ್‌ಗಳಲ್ಲಿ ಮದರ್ಸ್ ಯೂನಿಯನ್ ಓದುಬರಹ ಕಲಿಸುವ ಗುಂಪುಗಳನ್ನು ಶುರು ಮಾಡಿತು. ಓದು ಕಲಿತವರು ಮುಂದೆ ಉಳಿತಾಯದ ಗುಂಪು ಕಟ್ಟಿದರು. ವಾರಕ್ಕಿಷ್ಟು ಹಾಕುವುದು, ಸರದಿಯ ಮೇಲೆ ಸಾಲ, ಲೆಕ್ಕದ ಪುಸ್ತಕ ತಾವೇ ಬರೆಯುವುದು. ಇದನ್ನು ಇಲ್ಲಿಯವರಿಗೆ ಅರ್ಥಮಾಡಿಸಲು ನನಗೆ ಅರ್ಧ ಪುಟ ಬೇಕಾಯಿತು. ನಿಮಗೆ ಅರ್ಧ ಸಾಲು ಸಾಕು. ನಮ್ಮ ಸ್ತ್ರೀಶಕ್ತಿ ಗುಂಪುಗಳ ಹಾಗೆ. ಕರ್ನಾಟಕದಲ್ಲಿ ಅದು ಶುರುವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 2000–01ರಲ್ಲಿ.

ಇನ್ನು ಬರೆಯಲು ಮನಸ್ಸಿಲ್ಲದಿದ್ದರೂ ಬರೆಯಬೇಕಾದ ಸುದ್ದಿ: ಶಾಖೆ ಮುಚ್ಚುವುದು.

ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ವಯಸ್ಸಾದವರೇ ಉಳಿದಿದ್ದಾರೆ. ನಾಯಕಿಗೆ ಮಂಡಿ ನೋವು, ಕಾರ್ಯದರ್ಶಿಗೆ ಕಿವಿ ಕೇಳುವುದಿಲ್ಲ, ಮೂರನೆಯವರು ಮಗಳ ಊರಿಗೆ ಹೋದರು. ಒಂದು ದಿನ ಫೋನ್ ಬರುತ್ತದೆ. ಹಿಂದೆಲ್ಲ ಇದನ್ನು “ವಿಷಾದದಿಂದ ತಿಳಿಸುತ್ತೇವೆ” ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದರು. ನನಗೆ ಅದು ಸರಿ ಕಾಣಲಿಲ್ಲ. ನೂರು ವರ್ಷ ನಡೆದ ಶಾಖೆ ಅದು. ಈಗ ಮುಚ್ಚುವ ಶಾಖೆಗೆ ಒಂದು ಪೂರ್ತಿ ಪುಟ ಕೊಡುತ್ತೇನೆ, ನಾನೇ ಹೋಗುತ್ತೇನೆ.

ಹೋದಾಗ ಮೊದಲು ಕೇಳುವುದು ಹಳೆಯ ನಡವಳಿ ಪುಸ್ತಕಗಳನ್ನು. ಯಾರದೋ ಕಪಾಟಿನಲ್ಲಿ, ಕ್ರಿಸ್ಮಸ್ ಅಲಂಕಾರದ ಡಬ್ಬದ ಕೆಳಗೆ ಇರುತ್ತವೆ. ಚಂದದ ಅಕ್ಷರ, ಶಾಯಿ ಮಾಸಿರುತ್ತದೆ. ಆಸೆಯಿಂದ ತೆರೆದರೆ ಎಂತದು ಅಂತೀರಿ? “ಸಭೆ ಸೇರಿತು. ಅತಿಥಿಗಳು ಮಾತಾಡಿದರು. ಚಹಾ ಆಯಿತು.” ಮುತ್ತಜ್ಜಿಯರ ಕಾಲದಿಂದ ಇದೇ ರೋಗ! ಆದರೆ ಲೆಕ್ಕದ ಪುಸ್ತಕ ಸುಳ್ಳು ಹೇಳುವುದಿಲ್ಲ, ಸಂಕೋಚವನ್ನೂ ಪಡುವುದಿಲ್ಲ. ಉಣ್ಣೆಗೆ ಇಷ್ಟು, ಬಾಣಂತಿಯೊಬ್ಬರಿಗೆ ಕಲ್ಲಿದ್ದಲಿಗೆ ಇಷ್ಟು, ಮಕ್ಕಳ ಬೂಟಿಗೆ ಇಷ್ಟು. ಮಾಡಿದ ಕೆಲಸವೆಲ್ಲ ಖರ್ಚಿನ ಕಾಲಮ್ಮಿನಲ್ಲಿ ಕೂತಿರುತ್ತದೆ. ಹಾಗಾಗಿ ನಡವಳಿ ಪಕ್ಕಕ್ಕಿಟ್ಟು ಲೆಕ್ಕದ ಪುಸ್ತಕ ಓದುತ್ತೇನೆ. ಅದರಿಂದ ಹುಟ್ಟಿದ ಪ್ರಶ್ನೆಗಳನ್ನು ಉಳಿದ ಸದಸ್ಯರಿಗೆ ಕೇಳುತ್ತೇನೆ. ಬೂಟು ಯಾರಿಗೆ? ಯಾವ ಚಳಿಗಾಲ? ಒಬ್ಬರು ಶುರು ಮಾಡಿದರೆ ಇನ್ನೊಬ್ಬರಿಗೆ ನೆನಪು ಬರುತ್ತದೆ. ಅದು ನನ್ನ ಪುಟ. ಪುಸ್ತಕಗಳನ್ನು ಆಮೇಲೆ ಜಿಲ್ಲೆಯ ದಾಖಲೆ ಕಚೇರಿಗೆ ಕೊಡಿಸುತ್ತೇವೆ. ಕಪಾಟಿನಲ್ಲಿ ಬಿಟ್ಟರೆ ಒಂದು ದಿನ ರದ್ದಿಗೆ ಹೋಗುತ್ತದೆ.

ಬ್ಯಾನರಿನ ವಿಷಯ ಹೇಳದಿದ್ದರೆ ಇಲ್ಲಿಯವರು ನನ್ನನ್ನು ಕ್ಷಮಿಸುವುದಿಲ್ಲ. ಹೆಚ್ಚಿನ ಶಾಖೆಗಳಿಗೂ ಕಸೂತಿ ಹಾಕಿದ ಒಂದು ಬ್ಯಾನರ್ ಇರುತ್ತದೆ. ನೀಲಿ ಬಣ್ಣ, ಮರಿಯಮ್ಮ ಮತ್ತು ಮಗು, ಬಿಳಿ ಲಿಲ್ಲಿ ಹೂ. ಮಾರ್ಚ್ 25ರಂದು, ದೇವದೂತ ಮರಿಯಮ್ಮನಿಗೆ ಶುಭವಾರ್ತೆ ತಂದ ಹಬ್ಬದ ಆರಾಧನೆಗೆ, ಎಲ್ಲ ಶಾಖೆಗಳ ಬ್ಯಾನರುಗಳು ಮೆರವಣಿಗೆಯಲ್ಲಿ ಬರುತ್ತವೆ. ಅದನ್ನು ಹಿಡಿಯಲು ತೋಳಿನಲ್ಲಿ ಬಲ ಬೇಕು. ಮುಚ್ಚಿದ ಶಾಖೆಯ ಬ್ಯಾನರ್ ಏನು ಮಾಡುವುದು ಎಂಬುದರ ಮೇಲೆ ನಡೆದಷ್ಟು ವಾದ ದುಡ್ಡಿನ ಮೇಲೂ ನಡೆಯುವುದಿಲ್ಲ. ಹೆಚ್ಚಾಗಿ ಅದೇ ಚರ್ಚಿನ ಗೋಡೆಯಲ್ಲಿ ಉಳಿಯುತ್ತದೆ. ಶಾಖೆ ಹೋದರೂ ಸದಸ್ಯರು ಹೋಗಬೇಕಿಲ್ಲ, ಡಯೋಸಿಸಿನ ನೇರ ಸದಸ್ಯರಾಗಿ ಉಳಿಯಬಹುದು. ಈ ಸಾಲನ್ನು ಮುಚ್ಚುವ ಸುದ್ದಿಯ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಎಷ್ಟೋ ಜನ ಎಲ್ಲ ಮುಗಿಯಿತು ಎಂದುಕೊಂಡು ಬ್ಯಾಜ್ ತೆಗೆದಿಟ್ಟಿರುತ್ತಾರೆ.

ಅಚ್ಚಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ದೊಡ್ಡ ಅಕ್ಷರ, ಬಿಳಿ ಕಾಗದ, ಕಪ್ಪು ಶಾಯಿ. ಬಣ್ಣದ ಮೇಲೆ ಬಣ್ಣದ ಅಕ್ಷರ ಬೇಡವೇ ಬೇಡ. ಮುಂದೆ ನಡೆಯುವ ಕಾರ್ಯಕ್ರಮ ಮೊದಲ ಪುಟದಲ್ಲಿ, ನಡೆದುಹೋದದ್ದು ಆಮೇಲೆ. ಬಸ್ಸು ಎಷ್ಟು ಹೊತ್ತಿಗೆ, ಹಾಲ್‌ನಲ್ಲಿ ಮೆಟ್ಟಿಲು ಉಂಟಾ, ಶೌಚಾಲಯ ಹತ್ತಿರವಾ, ಇವನ್ನು ತಪ್ಪದೆ ಹಾಕಬೇಕು. ಇಮೇಲ್ ಇಲ್ಲದವರಿಗೆ ಅಂಚೆಯಲ್ಲಿ ಹೋಗಲೇಬೇಕು. ಖರ್ಚು ಎಂದು ಸಮಿತಿಯಲ್ಲಿ ಯಾರಾದರೂ ಪ್ರತಿವರ್ಷ ತಕರಾರು ತೆಗೆಯುತ್ತಾರೆ. ಮನೆಯಿಂದ ಹೊರಗೆ ಬರಲಾಗದವರಿಗೆ ಉಳಿದಿರುವ ಕೊನೆಯ ನಂಟು ಅದೇ ಎಂದು ನಾನು ಪ್ರತಿವರ್ಷ ಜಗಳವಾಡುತ್ತೇನೆ. ಇಲ್ಲಿಯವರೆಗೆ ಗೆದ್ದಿದ್ದೇನೆ.

ಈಚೆಗೆ ಊರಿನಿಂದ ಅತ್ತಿಗೆ ಫೋನ್ ಮಾಡಿದ್ದರು. ಈಗ ಅಲ್ಲಿ ಅವರೇ ಸ್ತ್ರೀ ಸಂಘದ ಕಾರ್ಯದರ್ಶಿ. “ವಾರ್ಷಿಕ ವರದಿ ಓದಬೇಕು ಮಾರಾಯ್ತಿ. ನೀನು ಅಲ್ಲಿ ಎಂತೆಂತದೋ ಬರೀತೀಯಂತೆ, ನನಗೊಂದು ಮಾದರಿ ಕಳಿಸು” ಎಂದರು. ಮಾದರಿ ಕಳಿಸಲಿಲ್ಲ, ಅವೇ ಪ್ರಶ್ನೆಗಳನ್ನು ಕೇಳಿದೆ. ಮನೆಮನೆಯವರು ಚರ್ಚಿಗೆ ತಂದ ಬೆಳೆಯನ್ನು ಹರಾಜು ಹಾಕುತ್ತಾರಲ್ಲ, ಆ ಬೆಳೆ ಹಬ್ಬದ ಏಲಂನಲ್ಲಿ ಏನು ಬಂತು?

“ಒಂದು ಹಲಸಿನ ಹಣ್ಣನ್ನು ಮೂರು ಮನೆಯವರು ಜಿದ್ದಿಗೆ ಬಿದ್ದು ಏರಿಸಿದರು. ಗೆದ್ದವರು ತಿರುಗಿ ಅದನ್ನೇ ಸಂಘಕ್ಕೆ ಕೊಟ್ಟರು. ನಾವು ಮತ್ತೊಮ್ಮೆ ಏಲಂ ಹಾಕಿದೆವು!”

“ಆ ದುಡ್ಡು?”

“ಡಯಾಲಿಸಿಸ್‌ಗೆ ಹೋಗುವ ಒಬ್ಬರ ರಿಕ್ಷಾ ಬಾಡಿಗೆಗೆ. ವಾರಕ್ಕೆ ಎರಡು ಸಲ ಹೋಗಿಬರಬೇಕಲ್ಲ.”

“ಇದು ವರದಿಯಲ್ಲಿ ಉಂಟಾ?”

“ಇಲ್ಲ. ‘ಬೆಳೆ ಹಬ್ಬವನ್ನು ವಿಜೃಂಭಣೆಯಿಂದ ಆಚರಿಸಲಾಯಿತು’ ಎಂದು ಉಂಟು.”

ಆ ಸಾಲು ಹೊಡೆದು ಹಾಕಿ, ಈಗ ಹೇಳಿದ್ದನ್ನೇ ಬರೆಯಿರಿ ಎಂದೆ. ಯಾರ ರಿಕ್ಷಾ ಎಂದು ಮಾತ್ರ ಹೇಳಬೇಡಿ. ಅತ್ತಿಗೆಗೆ ಒಪ್ಪಿಗೆಯಾಯಿತು. ಆದರೆ ಹೊಸ ಚಿಂತೆ ಶುರುವಾಯಿತು. “ಪಾದ್ರಿ ಅಯ್ಯನವರು ವರದಿಗೆ ಐದು ನಿಮಿಷ ಕೊಟ್ಟಿದ್ದಾರೆ. ಇದನ್ನೆಲ್ಲ ಹೇಳಿದರೆ ಹೊತ್ತು ಸಾಲುವುದಿಲ್ಲ.”

“ಕೊನೆಯ ವಂದನೆಗಳ ಪಟ್ಟಿ ಎಷ್ಟು ಉದ್ದ ಉಂಟು?”

“ಒಂದೂವರೆ ಪುಟ.”

“ಅದನ್ನು ಬಿಟ್ಟುಬಿಡಿ.”

“ಹುಚ್ಚಾ ನಿನಗೆ?” ಎಂದರು ಅತ್ತಿಗೆ. “ಶಾಮಿಯಾನದವರ ಹೆಸರು ಬಿಟ್ಟರೆ ಬರುವ ವರ್ಷ ಶಾಮಿಯಾನ ಯಾರು ಕೊಡ್ತಾರೆ?”